29 ಗಂಟೆ ದುಡಿದವರ ವಿಮೆ

ಪ್ರಶ್ನೆ: ಅಮೆರಿಕದಲ್ಲಿ ‘ಒಬಾಮಾಕೇರ್’ ಆರೋಗ್ಯ ವಿಮೆ ಕಾಯ್ದೆ ಬಂದ ಮೇಲೆ ಅರೆಕಾಲಿಕ ನೌಕರರು ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಕಳೆದುಕೊಂಡರಂತೆ, ನಿಜವೇ?

ಉತ್ತರ: ಕೆಲವರು ಕಳೆದುಕೊಂಡದ್ದು ನಿಜ. ಆದರೆ ಅವರೆಲ್ಲರಿಗೂ ನಷ್ಟವಾಯಿತು ಎನ್ನಲಾಗದು. 2010ರ ಈ ಕಾಯ್ದೆಯಂತೆ, 50 ಪೂರ್ಣಾವಧಿ ನೌಕರರಷ್ಟು ಸಿಬ್ಬಂದಿಯುಳ್ಳ ಸಂಸ್ಥೆ ವಾರಕ್ಕೆ ಸರಾಸರಿ 30 ಗಂಟೆ ದುಡಿಯುವವರಿಗೆ ವಿಮೆ ಕೊಡದಿದ್ದರೆ ದಂಡ ತೆರಬೇಕಾಗಬಹುದು. 29 ಗಂಟೆ ದುಡಿಯುವವರಿಗೆ ಕೊಡಲೇಬೇಕೆಂದಿಲ್ಲ. ತಮಾಷೆಯೆಂದರೆ, ಆ 50ರ ಲೆಕ್ಕ ಹಾಕುವಾಗ ಮಾತ್ರ ಇವರ ಗಂಟೆಗಳೂ ಬೇಕು! 2014ರಲ್ಲಿ ಟಾರ್ಗೆಟ್, 2015ರಲ್ಲಿ ವಾಲ್‌ಮಾರ್ಟ್ ಇಂಥ ಅರೆಕಾಲಿಕರ ವಿಮೆಯನ್ನು ನಿಲ್ಲಿಸಿದವು.

ಇದರ ಇನ್ನೊಂದು ಮುಖವೂ ಇದೆ. ಕಂಪನಿ ಕೈಗೆಟಕುವ ವಿಮೆ ಕೊಡಲು ಮುಂದಾದರೆ, ಸರ್ಕಾರ ತೆರೆದ ವಿಮಾ ಮಾರುಕಟ್ಟೆಯ ಸಹಾಯಧನ ನೌಕರನಿಗೆ ಸಿಗುವುದಿಲ್ಲ. ಕಂಪನಿ ಕೈಬಿಟ್ಟರೆ, ಕಡಿಮೆ ಸಂಬಳದವನಿಗೆ ಆ ದಾರಿ ತೆರೆಯುತ್ತದೆ. ಹಲವರಿಗೆ ಅದೇ ಅಗ್ಗ. ಹಾಗಾದರೆ ಬಡವರ ಗತಿಯೇನು ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಬಡವರಿಗಾಗಿರುವ ಸರ್ಕಾರಿ ವಿಮೆ ಮೆಡಿಕೇಡ್; ಈ ಕಾಯ್ದೆ ಹೇಳಿದ ಅದರ ವಿಸ್ತರಣೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟೆಕ್ಸಾಸ್ ವಿಸ್ತರಿಸಲಿಲ್ಲ. ಅಲ್ಲಿ ಬಡತನ ರೇಖೆಗಿಂತ ಕೆಳಗಿರುವ ಅನೇಕರಿಗೆ ಮೆಡಿಕೇಡೂ ಇಲ್ಲ, ಸಹಾಯಧನವೂ ಇಲ್ಲ. ಇನ್ನು, ಕಂಪನಿ ವಿಮೆಯ 30 ಗಂಟೆಯ ಗೆರೆಯನ್ನು ಕೆಳಗಿಳಿಸಿದರೆ ಉದ್ಯಮ ನಡೆಸುವುದೇ ಕಷ್ಟ ಎನ್ನುವವರೂ ಇದ್ದಾರೆ. ಆದರೆ ಹವಾಯಿ ರಾಜ್ಯದ 1974ರ ಕಾನೂನು 20 ಗಂಟೆ ದುಡಿಯುವವರಿಗೂ ವಿಮೆ ಕಡ್ಡಾಯ ಮಾಡಿದೆ, ಅಂಗಡಿಗಳು ಅಲ್ಲೂ ನಡೆಯುತ್ತಿವೆ. ನನ್ನ ಮಟ್ಟಿಗೆ ಒಬಾಮಾಕೇರ್ ಸುಧಾರಣೆಯ ದೋಷ ವಿಮೆಯನ್ನು ಗಂಟೆಗೆ ಕಟ್ಟಿಹಾಕಿದ್ದರಲ್ಲೇ ಇದೆ.