ಮೋಶಿಯಲ್ಲಿ ಕಲಿಸುವ ಚರ್ಮದ ಓದು

ಪೂರ್ವ ಆಫ್ರಿಕಾದ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಬೆಳಗಿನ ಸಾಲಿನಲ್ಲಿ ಕೂತವರ ಪೈಕಿ ಚರ್ಮದ ತೊಂದರೆ ಹೇಳಿಕೊಂಡು ಬಂದವರು ಯಾವತ್ತೂ ಕಡಿಮೆಯಿರುವುದಿಲ್ಲ. ತಲೆಗೆ ಹುಳುಕಡ್ಡಿಯಾಗಿ ಅಲ್ಲಲ್ಲಿ ಕೂದಲುದುರಿದ ಶಾಲಾ ಹುಡುಗ, ತುರಿಕಜ್ಜಿಯಿಂದ ರಾತ್ರಿಯಿಡೀ ನಿದ್ದೆಗೆಟ್ಟ ಇಡೀ ಕುಟುಂಬ, ಬೆರಳ ಸಂದಿಗೆ ಚಿಗಟ ಹೊಕ್ಕು ನಡೆಯಲಾಗದ ಮುದುಕಿ. ಅವರನ್ನು ನೋಡುವವರು ಎಂಬಿಬಿಎಸ್ ಓದಿದ ಡಾಕ್ಟರು ಆಗಿರುವುದು ಅಪರೂಪ. ಶಾಲೆ ಮುಗಿಸಿ ಮೂರು ವರ್ಷದ ವೈದ್ಯಕೀಯ ಡಿಪ್ಲೊಮಾ ಮಾಡಿದ ಕ್ಲಿನಿಕಲ್ ಆಫೀಸರ್‌ಗಳೇ ಅಲ್ಲಿ ಜ್ವರದಿಂದ ಹಿಡಿದು ಹೆರಿಗೆವರೆಗೆ ಎಲ್ಲವನ್ನೂ ನಿಭಾಯಿಸುತ್ತಾರೆ. ಆದರೆ ಅವರ ಓದಿನಲ್ಲಿ ಚರ್ಮಕ್ಕೆ ಸಿಗುತ್ತಿದ್ದ ಪಾಲು ತೀರ ಚಿಕ್ಕದು. ಹಾಗಾಗಿ ಕಜ್ಜಿಗೂ ಇಸಬಿಗೂ ಕುಷ್ಠದ ಮೊದಲ ಮಚ್ಚೆಗೂ ಒಂದೇ ಮುಲಾಮು ಕೊಟ್ಟು ಕಳಿಸುವುದು ನಡೆದೇ ಇತ್ತು.

ಇದೇ ಕ್ಲಿನಿಕಲ್ ಆಫೀಸರ್‌ಗೆ ಇನ್ನೆರಡು ವರ್ಷ ಚರ್ಮವನ್ನಷ್ಟೇ ಓದಲು ಕಲಿಸಿದರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದು ಟಾಂಜಾನಿಯಾದ ಮೋಶಿಯಲ್ಲಿರುವ ಪ್ರಾದೇಶಿಕ ಚರ್ಮರೋಗ ತರಬೇತಿ ಕೇಂದ್ರ. ಬಲ್ಲವರು ಅದನ್ನು ಚಿಕ್ಕದಾಗಿ ಆರ್‌ಡಿಟಿಸಿ ಎನ್ನುತ್ತಾರೆ.

ಮೋಶಿ ಇರುವುದು 5,895 ಮೀಟರ್ ಎತ್ತರದ ಕಿಲಿಮಂಜಾರೊ ಪರ್ವತದ ದಕ್ಷಿಣ ತಪ್ಪಲಿನಲ್ಲಿ. ಊರಿನ ಮೇಲಿನ ಇಳಿಜಾರಿನಲ್ಲಿ ಚಗ್ಗಾ ಜನರ ಬಾಳೆ ಮತ್ತು ಕಾಫಿ ತೋಟಗಳು. ಕೊಡಗನ್ನೋ ಚಿಕ್ಕಮಗಳೂರನ್ನೋ ಕಂಡವರಿಗೆ ಹೊಸದೆನಿಸದ ನೋಟ. ಕಿಲಿಮಂಜಾರೊ ಕ್ರಿಶ್ಚಿಯನ್ ಮೆಡಿಕಲ್ ಸೆಂಟರ್ ಎಂಬ ದೊಡ್ಡ ಆಸ್ಪತ್ರೆ 1971ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಉತ್ತರ ಟಾಂಜಾನಿಯಾದ ಕಷ್ಟದ ಕೇಸುಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಅದಕ್ಕೆ ಹೊಂದಿಕೊಂಡಂತೆ ಮುಂದೆ ವೈದ್ಯಕೀಯ ವಿಶ್ವವಿದ್ಯಾಲಯ ಕಾಲೇಜು ಬೆಳೆಯಿತು.

1987ರಲ್ಲಿ ಜಗತ್ತಿನ ಚರ್ಮವೈದ್ಯರ ಒಕ್ಕೂಟ ತನ್ನ ಅಂಗವಾಗಿ ಇಂಟರ್‌ನ್ಯಾಷನಲ್ ಫೌಂಡೇಶನ್ ಫಾರ್ ಡರ್ಮಟಾಲಜಿಯನ್ನು ಹುಟ್ಟುಹಾಕಿತು. ಬಡ ದೇಶಗಳ ಹಳ್ಳಿಗಳಿಗೆ ಚರ್ಮದ ಆರೈಕೆ ತಲುಪಿಸುವುದು ಅದರ ಗುರಿ. ಈ ಚಿಂತನೆಯ ಹಿಂದಿದ್ದವರಲ್ಲಿ ಆಕ್ಸ್‌ಫರ್ಡಿನ ಚರ್ಮತಜ್ಞ ಟೆರೆನ್ಸ್ ರಯಾನ್ ಪ್ರಮುಖರು. ಟಾಂಜಾನಿಯಾ ಸರ್ಕಾರ ಮತ್ತು ಮೋಶಿಯ ಆಸ್ಪತ್ರೆ ಕೈಜೋಡಿಸಿದವು. 1992ರಲ್ಲಿ ಪಾಠಗಳು ಶುರುವಾದವು. ಮೊದಲ ಮುಖ್ಯಸ್ಥರಾಗಿ ಬಂದ ಜರ್ಮನ್ ವೈದ್ಯ ಹೆನಿಂಗ್ ಗ್ರಾಸ್‌ಮನ್ ಅಲ್ಲೇ ನೆಲೆಸಿ ಸಂಸ್ಥೆ ಕಟ್ಟಿದರು. ಅವರ ನಂತರ ಜಾನ್ ಮಸೆಂಗಾ, ದೌದಿ ಮವುರಾ ಅವರಂಥ ಟಾಂಜಾನಿಯಾದ ವೈದ್ಯರೇ ಹೊಣೆ ಹೊತ್ತರು. ಹೊರಗಿನ ನೆರವಿನಿಂದ ಆರಂಭವಾದ ಎಷ್ಟೋ ಸಂಸ್ಥೆಗಳು ಆ ನೆರವು ನಿಂತೊಡನೆ ಸೊರಗುವುದನ್ನು ಕಂಡಿದ್ದೇವೆ. ಚುಕ್ಕಾಣಿ ಊರಿನವರ ಕೈಗೆ ಬಂದದ್ದನ್ನೇ ಈ ಸಂಸ್ಥೆಯ ದೊಡ್ಡ ಸಾಧನೆಯೆಂದು ನಾನು ಎಣಿಸುತ್ತೇನೆ.

ಇಲ್ಲಿ ಓದಿಗೆ ಎರಡು ದಾರಿಗಳಿವೆ. ಎಂಬಿಬಿಎಸ್‌ಗೆ ಸಮನಾದ ಪದವಿ ಪಡೆದವರು ನಾಲ್ಕು ವರ್ಷದ ಸ್ನಾತಕೋತ್ತರ ಕೋರ್ಸು ಮುಗಿಸಿ ಪೂರ್ಣ ಪ್ರಮಾಣದ ಚರ್ಮತಜ್ಞರಾಗುತ್ತಾರೆ. ಇನ್ನೊಂದು, ಸಂಸ್ಥೆಗೆ ಹೆಸರು ತಂದ ದಾರಿ: ಕ್ಲಿನಿಕಲ್ ಆಫೀಸರ್‌ಗಳಿಗೆ ಎರಡು ವರ್ಷದ ಉನ್ನತ ಡಿಪ್ಲೊಮಾ. ಕೀನ್ಯಾ, ಉಗಾಂಡ, ಮಲಾವಿ, ಜಾಂಬಿಯಾ, ಇಥಿಯೋಪಿಯಾ ಮುಂತಾಗಿ ಹತ್ತಾರು ದೇಶಗಳಿಂದ ಬಂದು ಈ ಡಿಪ್ಲೊಮಾ ಪಡೆದವರು ಇನ್ನೂರಕ್ಕೂ ಹೆಚ್ಚು. ಕಲಿತವರು ತಮ್ಮ ಜಿಲ್ಲೆಗೆ ಮರಳಿ ರೋಗಿಗಳನ್ನು ನೋಡಬೇಕು, ಜತೆಗೆ ಸುತ್ತಲ ಆರೋಗ್ಯ ಸಿಬ್ಬಂದಿಗೂ ಕಲಿಸಬೇಕು ಎಂಬುದು ಮೂಲ ಕಲ್ಪನೆ. ಪ್ರತಿ ಜನವರಿಯಲ್ಲಿ ನಡೆಯುವ ಸಮ್ಮೇಳನಕ್ಕೆ ಹಳೆಯ ವಿದ್ಯಾರ್ಥಿಗಳು ಮತ್ತೆ ಮೋಶಿಗೆ ಬರುತ್ತಾರೆ.

ಎರಡು ವರ್ಷದಲ್ಲಿ ಕಲಿಸುವುದಾದರೂ ಏನು? ಮೊದಲ ಪಾಠ ನೋಡುವುದು. ಮಚ್ಚೆ ಚಪ್ಪಟೆಯೋ ಉಬ್ಬಿದೆಯೋ, ಅಂಚು ಸ್ಪಷ್ಟವೋ ಮಸುಕೋ, ಮೇಲೆ ಹೊಟ್ಟು ಏಳುತ್ತದೆಯೋ ಇಲ್ಲವೋ, ಮೈಯ ಎರಡೂ ಬದಿಗೆ ಸಮವಾಗಿದೆಯೋ ಒಂದೇ ಕಡೆಯೋ. ರೋಗಿಯ ಬಟ್ಟೆ ಸರಿಸಿ ಇಡೀ ಮೈಯನ್ನು ಬೆಳಕಿನಲ್ಲಿ ನೋಡದೆ ಔಷಧಿ ಬರೆಯಬಾರದು. ಎರಡನೆಯದು ಮುಟ್ಟುವುದು. ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದಾಗ ಸ್ಪರ್ಶ ತಿಳಿಯದಿದ್ದರೆ ಕುಷ್ಠದ ಶಂಕೆ. ಆಗ ಮೊಳಕೈಯ ಹಿಂದಿನ ನರವನ್ನು ಬೆರಳಿನಿಂದ ಹಿಡಿದು ಅದು ದಪ್ಪಗಾಗಿದೆಯೇ ಎಂದು ನೋಡಬೇಕು. ಚರ್ಮದ ಹೊಟ್ಟನ್ನು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಇವಕ್ಕೆ ದೊಡ್ಡ ಯಂತ್ರಗಳು ಬೇಡ. ಕರೆಂಟು ಹೋದ ದಿನವೂ ಕಿಟಕಿಯ ಬೆಳಕಿನಲ್ಲಿ ಮಾಡಬಹುದಾದ ಪರೀಕ್ಷೆಗಳು.

ಈ ನೋಡುವ ವಿದ್ಯೆಯಲ್ಲಿ ಮೋಶಿಯಂಥ ಜಾಗಕ್ಕೆ ಇನ್ನೂ ಒಂದು ಮಹತ್ವವಿದೆ. ಚರ್ಮರೋಗದ ಹೆಸರಾಂತ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಬಹುಪಾಲು ಬಿಳಿಯರವು. ಉರಿಯೂತವೆಂದರೆ ಕೆಂಪು ಎಂದೇ ಅವು ಕಲಿಸುತ್ತವೆ. ಕಪ್ಪು ಮೈಯಲ್ಲಿ ಅದೇ ಉರಿಯೂತ ನೇರಳೆಯಾಗಿಯೋ ಬೂದುಗಂದಾಗಿಯೋ ಸುತ್ತಲ ಬಣ್ಣಕ್ಕಿಂತ ಒಂದಿಷ್ಟು ಗಾಢವಾಗಿಯೋ ಕಾಣುತ್ತದೆ. ಕೆಂಪನ್ನೇ ಹುಡುಕುವ ಕಣ್ಣಿಗೆ ಅದು ತಪ್ಪಿಹೋಗುತ್ತದೆ. ಬಿಸಿ, ಊತ, ಗಡಸುತನವನ್ನು ಕೈಯಿಂದ ಅಳೆಯಬೇಕು. ರೋಗ ವಾಸಿಯಾದ ಮೇಲೂ ಉಳಿಯುವ ಕಪ್ಪು ಕಲೆ ರೋಗಿಗೆ ರೋಗಕ್ಕಿಂತ ಹೆಚ್ಚು ಸಂಕಟ ಕೊಡಬಹುದು. ಕಂದು ಬಣ್ಣದ ನಮ್ಮ ಮೈಗೂ ಈ ಮಾತು ಅನ್ವಯಿಸುತ್ತದೆ. ದಿನವಿಡೀ ಕಪ್ಪು ಚರ್ಮವನ್ನೇ ನೋಡಿ ಕಲಿತ ವೈದ್ಯರ ತಿಳಿವಳಿಕೆ ಪುಸ್ತಕಗಳಿಗೆ ಇನ್ನೂ ಪೂರ್ತಿ ಇಳಿದಿಲ್ಲ.

ಚರ್ಮದ ಜತೆಗೇ ಲೈಂಗಿಕ ರೋಗಗಳ ಪಾಠವೂ ಉಂಟು. ಕೇಂದ್ರ ಶುರುವಾದ ಕಾಲಕ್ಕೆ ಎಚ್‌ಐವಿ ಪೂರ್ವ ಆಫ್ರಿಕಾವನ್ನು ಕಂಗೆಡಿಸಿತ್ತು. ಆ ಸೋಂಕು ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಚರ್ಮದ ಮೇಲೆ: ಯುವಕರಲ್ಲಿ ಏಳುವ ಸರ್ಪಸುತ್ತು, ಕೈಕಾಲಿನ ಮೇಲೆ ವಾಸಿಯಾಗದ ತುರಿಕೆ ಗುಳ್ಳೆಗಳು, ಕಾಪೋಸಿ ಸಾರ್ಕೋಮಾದ ನೇರಳೆ ಗಂಟುಗಳು. ತರಬೇತಿ ಪಡೆದ ಮಧ್ಯಮ ಹಂತದ ಸಿಬ್ಬಂದಿಯ ಬಲವೇನೆಂದು ಅದೇ ದೇಶದ ಮ್ವಾಂಜಾ ಪ್ರಾಂತ್ಯದಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಲೈಂಗಿಕ ರೋಗಗಳಿಗೆ ಸರಿಯಾದ ಚಿಕಿತ್ಸೆ ಸಿಗುವಂತೆ ಮಾಡಿದಾಗ ಹೊಸ ಎಚ್‌ಐವಿ ಸೋಂಕು ಸುಮಾರು ಶೇ 40ರಷ್ಟು ಇಳಿಯಿತು. 1995ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ದೊಡ್ಡಾಸ್ಪತ್ರೆಗಳ ನೆರಳು ಕೂಡ ಬೀಳದ ಊರುಗಳಲ್ಲಿ ಆದ ಕೆಲಸ ಅದು.

ಮೋಶಿಯ ಕೇಂದ್ರದ ಬಗ್ಗೆ ಬರೆಯುವಾಗ ಆಲ್ಬಿನಿಸಂ ಇರುವವರ ಆರೈಕೆಯ ಬಗ್ಗೆ ನಿಂತು ಹೇಳಲೇಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಇಲ್ಲದ ಅಥವಾ ತೀರ ಕಡಿಮೆಯಿರುವ ಸ್ಥಿತಿ ಅದು. ಅಪ್ಪ ಅಮ್ಮ ಇಬ್ಬರಿಂದಲೂ ದೋಷವಿರುವ ಜೀನ್ ಬಂದ ಮಗುವಿಗೆ ಮಾತ್ರ ಹೀಗಾಗುತ್ತದೆ. ಯುರೋಪು, ಉತ್ತರ ಅಮೆರಿಕಗಳಲ್ಲಿ ಸುಮಾರು 17,000ದಿಂದ 20,000 ಜನರಿಗೆ ಒಬ್ಬರು ಎಂಬ ಲೆಕ್ಕವಿದ್ದರೆ ಟಾಂಜಾನಿಯಾದಲ್ಲಿ ಸುಮಾರು 1,400ಕ್ಕೆ ಒಬ್ಬರು ಎನ್ನಲಾಗುತ್ತದೆ. ಸಮಭಾಜಕ ವೃತ್ತದ ಹತ್ತಿರದ ಆ ಬಿಸಿಲಿನಲ್ಲಿ ಮೆಲನಿನ್ ಇಲ್ಲದ ಮೈ ಹೊತ್ತು ಬದುಕುವುದು ಸುಲಭವಲ್ಲ. ಶಾಲೆಗೆ ಹೋಗುವ ವಯಸ್ಸಿಗೇ ಮುಖ, ಕಿವಿ, ಕುತ್ತಿಗೆ, ಮುಂಗೈಗಳ ಚರ್ಮ ಒರಟಾಗಿ ಬಿರಿಯುತ್ತದೆ. ಇಪ್ಪತ್ತರ ಹರೆಯದಲ್ಲೇ ಚರ್ಮದ ಕ್ಯಾನ್ಸರ್ ಕಾಣಿಸಬಹುದು. 1980ರ ದಶಕದಲ್ಲಿ ದಾರ್ ಎಸ್ ಸಲಾಮಿನಲ್ಲಿ ಅಧ್ಯಯನ ಮಾಡಿದವರು ಇವರಲ್ಲಿ ಮೂವತ್ತು ದಾಟಿದವರು ಬಹಳ ಕಡಿಮೆ ಎಂದು ಕಂಡರು. ಇದರ ಮೇಲೆ 2000ದ ದಶಕದಲ್ಲಿ ಮೂಢನಂಬಿಕೆಗೆ ಸಿಕ್ಕು ಇವರ ಮೇಲೆ ಹಲ್ಲೆ, ಕೊಲೆಗಳು ನಡೆದವು. 2014ರಲ್ಲಿ ವಿಶ್ವಸಂಸ್ಥೆ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನವೆಂದು ಸಾರಿದ್ದರ ಹಿಂದೆ ಈ ನೋವೂ ಇದೆ.

ಕೇಂದ್ರದ ತಂಡ ವಾಹನ ಕಟ್ಟಿಕೊಂಡು ಊರೂರಿಗೆ ಹೋಗುತ್ತದೆ. ಆಲ್ಬಿನಿಸಂ ಇರುವವರನ್ನು ಒಂದೆಡೆ ಸೇರಿಸಿ ತಲೆಯಿಂದ ಕಾಲಿನವರೆಗೆ ಪರೀಕ್ಷಿಸುತ್ತದೆ. ಕ್ಯಾನ್ಸರಿಗೆ ತಿರುಗಬಹುದಾದ ಒರಟು ಕಲೆಗಳನ್ನು ಅತಿಶೀತಲ ದ್ರವ ಸಾರಜನಕದಿಂದ ಸುಡಲಾಗುತ್ತದೆ. ಅನುಮಾನದ ಗಂಟುಗಳಿದ್ದರೆ ಶಸ್ತ್ರಚಿಕಿತ್ಸೆಗೆ ಮೋಶಿಗೆ ಕರೆಸುತ್ತಾರೆ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಅಂಗಿ, ಹೊಲದ ಕೆಲಸ ಬೆಳಗ್ಗೆ ಮತ್ತು ಇಳಿಹೊತ್ತಿಗೆ ಎಂದು ತಿಳಿಹೇಳುತ್ತಾರೆ. ಇವರ ದೃಷ್ಟಿ ಮಂದ, ಕಣ್ಣುಗುಡ್ಡೆ ಅಲುಗುತ್ತಿರುತ್ತದೆ. ಹಾಗಾಗಿ ಮಕ್ಕಳನ್ನು ತರಗತಿಯ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಶಿಕ್ಷಕರಿಗೆ ಹೇಳುವುದೂ ಆರೈಕೆಯ ಭಾಗ. ಬೋರ್ಡು ಕಾಣದೆ ಶಾಲೆ ಬಿಟ್ಟ ಮಗು ದೊಡ್ಡದಾದ ಮೇಲೆ ಸಿಗುವ ಕೆಲಸ ಬಯಲಲ್ಲೇ, ಬಿಸಿಲಲ್ಲೇ. ಮುಂದಿನ ಸಾಲಿನ ಆ ಬೆಂಚಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಕಂಡುಕೊಂಡದ್ದಕ್ಕಾಗಿ ಈ ಕೇಂದ್ರದ ಮೇಲೆ ನನಗೆ ಬಹಳ ಗೌರವ.

ಸನ್‌ಸ್ಕ್ರೀನಿನ ಕತೆಯೂ ಹೀಗೆಯೇ ಊರಿಗೆ ತಕ್ಕಂತೆ ರೂಪುಗೊಂಡಿತು. ದಾನವಾಗಿ ವಿದೇಶದಿಂದ ಬರುತ್ತಿದ್ದ ಟ್ಯೂಬುಗಳು ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಅಂಗಡಿಯ ಬೆಲೆ ಬಡವರ ಕೈಗೆ ಎಟುಕದು. ಸ್ಪೇನಿನ ಔಷಧತಜ್ಞೆ ಮಫಾಲ್ಡಾ ಸೊಟೊ ಆಸ್ಪತ್ರೆಯ ಆವರಣದಲ್ಲೇ ಅದನ್ನು ತಯಾರಿಸುವ ಘಟಕಕ್ಕೆ ಕೈಹಾಕಿದರು. ಜರ್ಮನಿಯ ಬಿಎಎಸ್‌ಎಫ್ ಕಂಪನಿ ಸೂತ್ರ ಸಿದ್ಧಪಡಿಸಲು ನೆರವಾಯಿತು. ‘ಕಿಲಿಸನ್’ ಎಂದು ಹೆಸರಿಟ್ಟ ಆ ಲೇಪವನ್ನು ಊರೂರಿನ ಈ ತಪಾಸಣೆಗಳ ಮೂಲಕ ಉಚಿತವಾಗಿ ಹಂಚುತ್ತಾರೆ. ದೂರದ ಊರಿನವರೂ ಕೊಟ್ಟ ದಿನಕ್ಕೆ ಬಂದು ತಪಾಸಣೆ ಮಾಡಿಸಿಕೊಳ್ಳಲು ಲೇಪದ ಆ ಡಬ್ಬಿಯೂ ಒಂದು ಕಾರಣ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕಾಟವೂ ಅಲ್ಲಿನ ವೈದ್ಯರಿಗಿದೆ. ಮೈ ಬೆಳ್ಳಗಾಗಲೆಂದು ಪಾದರಸ, ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಬೆರೆಸಿದ ಕ್ರೀಮು ಹಚ್ಚಿಕೊಂಡು ಚರ್ಮ ಕೆಡಿಸಿಕೊಂಡು ಬರುವವರು. ಈ ವಿಷಯದಲ್ಲಿ ನಾವು ಅವರಿಗೆ ತೀರ ಹತ್ತಿರದ ನೆಂಟರು.

ಕರ್ನಾಟಕದ ಮಾತಿಗೆ ಬಂದರೆ, ಚರ್ಮತಜ್ಞರ ಸಂಖ್ಯೆಯಲ್ಲಿ ನಾವು ಟಾಂಜಾನಿಯಾಕ್ಕಿಂತ ಎಷ್ಟೋ ಮುಂದಿದ್ದೇವೆ. ನಮ್ಮ ಹಲವು ಮೆಡಿಕಲ್ ಕಾಲೇಜುಗಳಲ್ಲಿ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರನ್ನೂ ಸೇರಿಸಿದ ಮೂರು ವರ್ಷದ ಎಂಡಿ ಇದೆ. ಆದರೆ ಕಲಿತವರು ಹೆಚ್ಚಾಗಿ ನಿಲ್ಲುವುದು ನಗರಗಳಲ್ಲಿ. ತಾಲ್ಲೂಕಿನಾಚೆಯ ರೋಗಿಗೆ ಸಿಗುವ ಮೊದಲ ಸಲಹೆಗಾರ ಮೆಡಿಕಲ್ ಶಾಪಿನವನು. ತೊಡೆಸಂದಿಯ ಹುಳುಕಡ್ಡಿಗೆ ಆತ ಕೊಡುವ ಕ್ರೀಮಿನಲ್ಲಿ ಶಿಲೀಂಧ್ರದ ಔಷಧಿಯ ಜತೆಗೆ ತೀಕ್ಷ್ಣ ಸ್ಟೀರಾಯ್ಡ್ ಕೂಡ ಇರುತ್ತದೆ. ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ತಿಂಗಳೊಳಗೆ ರೋಗ ಮೈತುಂಬ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ಚೀಟಿಯಿಲ್ಲದೆ ಮಾರಬಾರದೆಂದಿತು. ಮಾರಾಟ ನಿಂತಿಲ್ಲ. ಮಾಮೂಲಿ ಔಷಧಿಗೆ ಸುಲಭವಾಗಿ ಬಗ್ಗದ ಶಿಲೀಂಧ್ರವೊಂದಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೆ. ಆ ಹೆಸರಿನಲ್ಲೇ ನಮ್ಮ ದೇಶವಿದೆ.

ಮೋಶಿಯ ಚಿಂತನೆಗೂ ಕನ್ನಡದ ಸೀಮೆಗೂ ಒಂದು ನೇರ ಕೊಂಡಿ ಇದೆ. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿಯವರು 1999ರಲ್ಲಿ ಆರಂಭಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿನ ಊತಕ್ಕೆ ಆಧುನಿಕ ಚರ್ಮ ಆರೈಕೆ, ಆಯುರ್ವೇದ, ಯೋಗಗಳನ್ನು ಒಟ್ಟುಗೂಡಿಸಿದ ಚಿಕಿತ್ಸೆ ಕೊಡುತ್ತದೆ. ಕಾಲನ್ನು ಸೋಪಿನಿಂದ ತೊಳೆದು ಒರೆಸುವುದು, ಬೆರಳ ಸಂದಿ ಒದ್ದೆಯಿರದಂತೆ ನೋಡಿಕೊಳ್ಳುವುದು, ಬಟ್ಟೆಯ ಪಟ್ಟಿಯನ್ನು ಸರಿಯಾಗಿ ಬಿಗಿಯುವುದು: ಮನೆಯವರಿಗೆ ಕಲಿಸಿದರೆ ಮನೆಯಲ್ಲೇ ಆಗುವ ಕೆಲಸಗಳು. ಈ ಸಂಸ್ಥೆಯ ಸಂಶೋಧನೆಗಳಲ್ಲಿ ವರ್ಷಗಳ ಕಾಲ ಜತೆಗಿದ್ದವರು ಅದೇ ಟೆರೆನ್ಸ್ ರಯಾನ್.

ಮೋಶಿಯ ಕ್ಲಿನಿಕಲ್ ಆಫೀಸರ್‌ಗೆ ಹತ್ತಿರದ ಹುದ್ದೆ ಈಗ ನಮ್ಮ ಉಪಕೇಂದ್ರಗಳಲ್ಲೂ ಇದೆ. ನರ್ಸಿಂಗ್ ಓದಿ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳು ಬಿಪಿ, ಸಕ್ಕರೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಇತ್ತ 2021ರ ತಂಡದಿಂದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳೆಲ್ಲ ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯವಾಗಿದೆ. ಚರ್ಮ ವಿಭಾಗದಿಂದ ಹಾಗೆ ಬಂದ ವಿದ್ಯಾರ್ಥಿ ವಾರಕ್ಕೊಂದು ದಿನ ಈ ಅಧಿಕಾರಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೋಗಿಗಳನ್ನು ನೋಡಲಿ. ಹತ್ತಿಯ ಎಳೆ ಆಡಿಸುವುದನ್ನು, ಕಜ್ಜಿಯಿದ್ದರೆ ಇಡೀ ಮನೆಗೆ ಒಟ್ಟಿಗೆ ಔಷಧಿ ಕೊಡುವುದನ್ನು, ಸ್ಟೀರಾಯ್ಡ್ ಟ್ಯೂಬನ್ನು ಹೆಸರು ಓದಿ ಗುರುತಿಸುವುದನ್ನು ಕಲಿಸಲಿ. ಹೊಸ ಕಟ್ಟಡವಾಗಲೀ ಹೊಸ ಹುದ್ದೆಯಾಗಲೀ ಇದಕ್ಕೆ ಬೇಕಿಲ್ಲ. ಇಲಾಖೆಯ ಒಂದು ಸುತ್ತೋಲೆ ಮತ್ತು ವಿಭಾಗದ ಮುಖ್ಯಸ್ಥರ ಮನಸ್ಸು ಬೇಕು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಮಾವೇಶವು ಚರ್ಮರೋಗಗಳನ್ನು ಜಾಗತಿಕ ಸಾರ್ವಜನಿಕ ಆರೋಗ್ಯದ ಆದ್ಯತೆಯೆಂದು ಒಪ್ಪಿ ನಿರ್ಣಯ ಅಂಗೀಕರಿಸಿತು. ಅದನ್ನು ಮುಂದಿಟ್ಟವರಲ್ಲಿ ಐವರಿ ಕೋಸ್ಟ್, ನೈಜೀರಿಯಾ, ಟೋಗೊ ದೇಶಗಳಿದ್ದವು. ಈ ವಿಷಯದಲ್ಲಿ ಆಫ್ರಿಕಾವೇ ಮುಂದೆ ನಡೆದಿದೆ.