ದೂರದ ಬೆಟ್ಟ ನುಣ್ಣಗೆ, ಹತ್ತಿರದ ರಸ್ತೆ ಇನ್ನೂ ನುಣ್ಣಗೆ!

ಚಳಿಗಾಲ ಬಂತೆಂದರೆ ಸಾಕು, ಮನೆಯಲ್ಲಿ ಒಂದೇ ರಾಗ. ‘ಅಮ್ಮಾ, ಈ ಸಲನಾದ್ರೂ ಹಿಮ ನೋಡೋಕೆ ಹೋಗೋಣ, ಸ್ಕೀಯಿಂಗ್ ಮಾಡೋಣ’ ಅಂತ ಮಕ್ಕಳು. ‘ಪ್ಲಾನ್ ನೀನೇ ಮಾಡು’ ಅಂತ ಯಜಮಾನರು. ನೀವೂ ಹುಮ್ಮಸ್ಸಿನಿಂದ ಸ್ವೆಟರ್, ಮಂಕಿ ಕ್ಯಾಪ್, ಕೋಡುಬಳೆ, ಚಕ್ಕುಲಿ ಅಂತ ಪಟ್ಟಿ ಶುರು ಮಾಡುತ್ತೀರಿ. ಆದರೆ ಆ ಪಟ್ಟಿಯಲ್ಲಿ ರಸ್ತೆಯ ಬಗ್ಗೆ ಒಂದು ಸಾಲಾದರೂ ಇದೆಯಾ?

ಕೆಲವು ವರ್ಷಗಳ ಹಿಂದೆ ನಾನು ಮಾಡಿದ ಪಟ್ಟಿಯಲ್ಲಿ ಇರಲಿಲ್ಲ. ಮನಾಲಿಗೆ ಹೋಗಿದ್ದೆವು. ಅಂದು ರಾತ್ರಿಯೇ ದೆಹಲಿಗೆ ವಾಪಸ್ ಬಸ್, ಮರುದಿನ ಬೆಂಗಳೂರಿಗೆ ವಿಮಾನ. ದುಡ್ಡು ಉಳಿಸಿದೆನೆಂದು ಬೀಗಿಕೊಂಡು ಟಿಕೆಟ್ ಮಾಡಿಸಿದವಳು ನಾನೇ. ಸೋಲಂಗ್‌ನಲ್ಲಿ ಮಕ್ಕಳು ‘ಇನ್ನೊಂದೇ ಸಲ, ಇನ್ನೊಂದೇ ಸಲ’ ಅಂತ ಜಾರುತ್ತಲೇ ಇದ್ದರು. ಹೊರಡುವಾಗ ಸಂಜೆ ಐದು. ‘ಬೇಗ ಹೋಗಪ್ಪ, ಬಸ್ ತಪ್ಪುತ್ತೆ’ ಅಂತ ಡ್ರೈವರ್‌ಗೆ ಅವಸರ ಮಾಡಿದೆವು. ಒಂದು ತಿರುವಿನಲ್ಲಿ ಬ್ರೇಕ್ ಹಾಕಿದರೂ ಕಾರು ನಿಲ್ಲಲಿಲ್ಲ. ಸದ್ದಿಲ್ಲದೆ ಅಡ್ಡ ತಿರುಗಿ, ಜಾರುತ್ತಾ ಹೋಗಿ, ಪುಣ್ಯಕ್ಕೆ ಬೆಟ್ಟದ ಬದಿಯ ಹಿಮದ ರಾಶಿಗೆ ಒರಗಿ ನಿಂತಿತು. ಇನ್ನೊಂದು ಬದಿಯಲ್ಲಿ ಕಣಿವೆ. ಯಾರಿಗೂ ಏನೂ ಆಗಲಿಲ್ಲ. ತಪ್ಪು ಡ್ರೈವರ್‌ನದಲ್ಲ, ನಮ್ಮ ಟಿಕೆಟ್‌ನದು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋದು ಸುಮ್ನೆ ಅಲ್ಲ ನೋಡಿ!

ಕಣ್ಣಿಗೆ ಕಾಣದ ಐಸ್

ಹೊಸದಾಗಿ ಬಿದ್ದ ಹಿಮ ಕಣ್ಣಿಗೆ ಕಾಣುತ್ತದೆ, ಡ್ರೈವರ್ ಹುಷಾರಾಗುತ್ತಾನೆ. ಮೋಸ ಮಾಡುವುದು ‘ಬ್ಲ್ಯಾಕ್ ಐಸ್’. ಹಗಲು ಬಿಸಿಲಿಗೆ ರಸ್ತೆ ಬದಿಯ ಹಿಮ ಕರಗಿ ನೀರು ಹರಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಆ ನೀರೇ ತೆಳ್ಳನೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಟಾರು ಕಾಣುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಅನಿಸುತ್ತದೆ. ಬಚ್ಚಲಮನೆಯಲ್ಲಿ ಸೋಪಿನ ನೀರು ಕಾಣದೆ ಕಾಲಿಟ್ಟ ಹಾಗೆ! ಬಿಸಿಲು ಬೀಳದ ತಿರುವು, ಸೇತುವೆಗಳ ಮೇಲೆ ಇದು ಹೆಚ್ಚು. ಹತ್ತುವುದಕ್ಕಿಂತ ಇಳಿಯುವಾಗ ಅಪಾಯ ಜಾಸ್ತಿ.

ಹಾಗಾದರೆ ಹೋಗಲೇಬಾರದಾ ಅಂತೀರಾ? ಖಂಡಿತ ಹೋಗಿ. ಬೆಟ್ಟದ ರಸ್ತೆಯಲ್ಲಿ ಕಡಿಮೆ ಓಡಾಡುವ ಹಾಗೆ, ಓಡಾಡಿದರೂ ಬಿಸಿಲಲ್ಲೇ ಓಡಾಡುವ ಹಾಗೆ ಪ್ಲಾನ್ ಮಾಡಿ, ಅಷ್ಟೇ.

ಒಮ್ಮೆ ಹತ್ತಿ, ಒಮ್ಮೆ ಇಳಿಯಿರಿ

ಕಾಶ್ಮೀರದ ಗುಲ್ಮಾರ್ಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಶ್ರೀನಗರದಿಂದ ಸುಮಾರು 50 ಕಿ.ಮೀ. ಟಂಗ್‌ಮಾರ್ಗ್‌ವರೆಗೆ ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಅಲ್ಲಿಂದ ಮೇಲಿನ 13 ಕಿ.ಮೀ. ಏರುದಾರಿಯೇ ಕಷ್ಟದ್ದು. ಹಿಮ ಬಿದ್ದಾಗ ಚೈನ್ ಹಾಕಿದ ಅಥವಾ ನಾಲ್ಕೂ ಚಕ್ರಕ್ಕೆ ಶಕ್ತಿಯಿರುವ ಗಾಡಿಗಳನ್ನಷ್ಟೇ ಮೇಲೆ ಬಿಡುತ್ತಾರೆ. ನಿಮ್ಮ ಗಾಡಿ ಅಂಥದ್ದಲ್ಲವಾದರೆ ಟಂಗ್‌ಮಾರ್ಗ್‌ನಲ್ಲಿ ಸ್ಥಳೀಯರ ಗಾಡಿಗೆ ಬದಲಾಯಿಸಿ. ಜುಗ್ಗತನ ಮಾಡಬೇಡಿ.

ಬಹಳ ಜನ ಶ್ರೀನಗರದಲ್ಲಿ ರೂಮು ಮಾಡಿ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಎರಡು ದಿನ ಹಾಗೆ ಮಾಡಿದರೆ ಆ ಏರುದಾರಿಯಲ್ಲಿ ನಾಲ್ಕು ಸಲ, ಅದರಲ್ಲಿ ಎರಡು ಸಲ ಮುಸ್ಸಂಜೆಯಲ್ಲಿ! ಅದರ ಬದಲು ಗುಲ್ಮಾರ್ಗ್‌ನಲ್ಲೇ ಮೂರು ರಾತ್ರಿ ಉಳಿಯಿರಿ. ರೂಮಿನ ಬಾಡಿಗೆ ಜಾಸ್ತಿ, ನಿಜ. ಆದರೆ ಬಾಗಿಲು ತೆಗೆದರೆ ಹಿಮ. ಕಲಿಯುವವರಿಗೆ ಕೆಳಗೇ ಸಣ್ಣ ಇಳಿಜಾರುಗಳಿವೆ, ಸ್ಕೀ ಮತ್ತು ಬೂಟು ಬಾಡಿಗೆಗೆ ಸಿಗುತ್ತವೆ. ಮೇಲೆ ಹೋಗಲು ಗೊಂಡೋಲಾ ಎಂಬ ಕೇಬಲ್ ಕಾರ್ ಇದೆ. ಮೊದಲ ಹಂತ ಕೊಂಗ್ಡೂರಿಗೆ, ಎರಡನೆಯದು ಸುಮಾರು 13,000 ಅಡಿ ಎತ್ತರದ ಅಫರ್ವಾತ್ ಕಡೆಗೆ. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆಸಿ. ಗಾಳಿ ಜೋರಾದರೆ ಅದನ್ನೂ ನಿಲ್ಲಿಸುತ್ತಾರೆ. ಹೊಸಬರಿಗೆ, ಚಿಕ್ಕ ಮಕ್ಕಳಿಗೆ ಮೊದಲ ಹಂತವೇ ಧಾರಾಳ ಸಾಕು.

ಮನಾಲಿಯೇ ಬೇಕು ಅನ್ನುವವರೂ ಇದೇ ಸೂತ್ರ ಹಿಡಿಯಿರಿ. ಸೋಲಂಗ್ ಹತ್ತಿರವೇ ಉಳಿದು ಅಲ್ಲೇ ಆಡಿ. 2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ‘ಆ ಕಡೆ ಸಿಸ್ಸುವಿಗೂ ಹೋಗಿ ಬಂದುಬಿಡೋಣ’ ಅನ್ನುವ ಆಸೆ ಎಲ್ಲರಿಗೂ. ಸುರಂಗದ ಒಳಗೆ ಹಿಮವಿಲ್ಲ, ಸರಿ. ಸುರಂಗದವರೆಗಿನ ರಸ್ತೆ? 2024ರ ಡಿಸೆಂಬರ್‌ನಲ್ಲಿ ಹಿಮ ಬಿದ್ದು ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ವಾಹನಗಳು ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದವು.

ಒಂದು ಖಾಲಿ ದಿನ ಇರಲಿ

ಒಂದು ವಾರವಿದ್ದರೆ ಹೀಗೆ ಮಾಡಿ. ಮೊದಲ ದಿನ ಶ್ರೀನಗರದಲ್ಲೇ ವಿಶ್ರಾಂತಿ. ಎರಡನೇ ದಿನ ಹತ್ತು ಗಂಟೆಗೆ ಹೊರಟು ಮೂರರೊಳಗೆ ಗುಲ್ಮಾರ್ಗ್. ಮೂರು, ನಾಲ್ಕನೇ ದಿನ ಪೂರ್ತಿ ಹಿಮದಾಟ. ಐದನೇ ದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ, ಹನ್ನೊಂದರ ನಂತರ, ಇಳಿಯಿರಿ. ಆರನೇ ದಿನ ಖಾಲಿ. ಹಿಮ ಸುರಿದು ಐದರಂದು ಇಳಿಯಲಾಗದಿದ್ದರೆ ಆ ದಿನ ನಿಮ್ಮ ಕೈಯಲ್ಲಿರುತ್ತದೆ. ಇಳಿದರೆ ದಾಲ್ ಸರೋವರದಲ್ಲಿ ಶಿಕಾರಾ. ಏಳನೇ ದಿನ ವಿಮಾನ. ರಜೆ ಕಡಿಮೆಯಿದ್ದರೆ ಹಿಮದ ದಿನ ಒಂದು ಕಡಿಮೆ ಮಾಡಿ, ಖಾಲಿ ದಿನಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಹಿಮದಿಂದ ವಿಮಾನ ರದ್ದಾಗುವುದೂ ಉಂಟು. ಆಗ ಜಮ್ಮು ಹೆದ್ದಾರಿಯಲ್ಲಿ ಟ್ಯಾಕ್ಸಿ ಹಿಡಿಯುವ ಸಾಹಸ ಬೇಡ. 2025ರ ಜೂನ್‌ನಿಂದ ಶ್ರೀನಗರ-ಕಟ್ರಾ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ, ಸುಮಾರು ಮೂರು ಗಂಟೆಯ ದಾರಿ.

ಇನ್ನೊಂದು ಮಾತು. ಡಿಸೆಂಬರ್ ರಜೆಯಲ್ಲಿ ಹಿಮ ಇದ್ದೇ ಇರುತ್ತದೆ ಅಂದುಕೊಳ್ಳಬೇಡಿ. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್ ಒಣಗಿಕೊಂಡಿತ್ತು, ಹಿಮ ಬಿದ್ದದ್ದು ತಿಂಗಳ ಕೊನೆಗೆ. ಮಕ್ಕಳ ಪರೀಕ್ಷೆ ಅಡ್ಡ ಬರದಿದ್ದರೆ ಫೆಬ್ರುವರಿ ವಾಸಿ.

ಗಮನದಲ್ಲಿರಲಿ

* ಗಾಡಿ ಗೊತ್ತು ಮಾಡುವಾಗ ಮೂರು ಪ್ರಶ್ನೆ ಕೇಳಿ: ಚೈನ್ ಇದೆಯಾ? ಹಾಕಲು ಬರುತ್ತಾ? ಈ ದಾರಿಯಲ್ಲಿ ಹಿಮದಲ್ಲಿ ಓಡಿಸಿ ಅಭ್ಯಾಸವಿದೆಯಾ? ಯಜಮಾನರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎಷ್ಟೇ ನಿಪುಣರಿರಲಿ, ಅಲ್ಲಿ ಸ್ಟೇರಿಂಗ್ ಸ್ಥಳೀಯರ ಕೈಯಲ್ಲಿರಲಿ.

* ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡು ಮಲಗಬೇಡಿ. ಹೊಗೆ ಕೊಳವೆಗೆ ಹಿಮ ಮುಚ್ಚಿದರೆ ವಿಷಾನಿಲ ಒಳಗೆ ಬರುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ಸಿಕ್ಕಿದ ಕಾರುಗಳಲ್ಲಿ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಕೊಳವೆಯ ಸುತ್ತ ಹಿಮ ಸರಿಸಿ, ಕಿಟಕಿ ಸ್ವಲ್ಪ ಇಳಿಸಿ, ಎಂಜಿನ್ ಆಗಾಗ ಮಾತ್ರ ಚಾಲೂ ಮಾಡಿ.

* ಕಾರಿನ ಒಳಗೇ ಕಂಬಳಿ, ಬಿಸಿನೀರಿನ ಫ್ಲಾಸ್ಕ್, ತಿಂಡಿ, ಔಷಧಿ, ಟಾರ್ಚ್ ಇರಲಿ. ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಸಿಗದು.

* ನಮ್ಮೂರಿನ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

* 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯನ್ನು ಯಾರೂ ಮರೆತಿಲ್ಲ. ಟಿಕೆಟ್ ಮಾಡಿಸುವ ಮುನ್ನ ಸರ್ಕಾರದ ಸೂಚನೆಗಳನ್ನು ನೋಡಿಕೊಳ್ಳಿ.

ಕೊನೆಯದಾಗಿ, ‘ಇವತ್ತು ಬೇಡ ಮೇಡಂ, ರಸ್ತೆ ಸರಿಯಿಲ್ಲ’ ಅಂತ ಡ್ರೈವರ್ ಹೇಳಿದರೆ ವಾದ ಮಾಡಬೇಡಿ. ಯಜಮಾನರು ಗೊಣಗಲಿ, ಮಕ್ಕಳು ಮುಖ ಊದಿಸಿಕೊಳ್ಳಲಿ. ರೂಮಿನಲ್ಲೇ ಬಿಸಿಬಿಸಿ ಕಹ್ವಾ ತರಿಸಿ, ಇಸ್ಪೀಟು ಹರಡಿ ಕುಳಿತುಬಿಡಿ. ಖಾಲಿ ದಿನ ಇಟ್ಟುಕೊಂಡಿರೋದೇ ಅದಕ್ಕಲ್ವಾ? ಶುಭ ಪ್ರಯಾಣ!