ಕ್ರೈಸ್ತ ಸಂವತ್ಸರವೂ ಮನೆವಾರ್ತೆಯೂ

ಕೆಲವು ವರ್ಷಗಳ ಹಿಂದೆ ಕ್ರೈಸ್ತ ಮಿತ್ರರೊಬ್ಬರು ತಮ್ಮ ಮತದಲ್ಲಿ ಬಹುವಾಗಿ ಪ್ರಯೋಗದಲ್ಲಿರುವ 'ಸ್ಟೀವರ್ಡ್‌ಷಿಪ್' ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬಹುದೆಂದು ನನ್ನನ್ನು ಕೇಳಿದರು. ನಾನು ಹೆಚ್ಚು ವಿಚಾರಿಸದೆ 'ದಾನಧರ್ಮ'ವೆಂದುಬಿಟ್ಟೆನು. ಅವರ ಗ್ರಂಥಗಳನ್ನೂ ಹಬ್ಬಹರಿದಿನಗಳ ಕ್ರಮವನ್ನೂ ಪರಿಶೀಲಿಸಿದ ಮೇಲೆ ಆ ಉತ್ತರವು ತಪ್ಪೆಂದು ತಿಳಿಯಿತು. ತಪ್ಪು ಎಲ್ಲಿದೆಯೆಂಬುದನ್ನೂ, ಕ್ರೈಸ್ತ ಸಂವತ್ಸರದ ರಚನೆಯಿಂದ ಆ ಪದದ ಅರ್ಥವು ಹೇಗೆ ವಿಶದವಾಗುವುದೆಂಬುದನ್ನೂ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇನೆ.

೧. ಪದವಿಚಾರ

ಹೊಸ ಒಡಂಬಡಿಕೆಯ ಮೂಲವಾದ ಗ್ರೀಕಿನಲ್ಲಿ ಇಲ್ಲಿರುವ ಶಬ್ದವು 'ಓಯ್ಕೊನೊಮೊಸ್' ಎಂಬುದು. 'ಓಯ್ಕೊಸ್' ಎಂದರೆ ಮನೆ. ಉತ್ತರಪದಕ್ಕೆ ಹಂಚುವುದು, ನಿರ್ವಹಿಸುವುದು ಎಂಬ ಅರ್ಥವುಂಟು. ಒಡೆಯನ ಮನೆಯ ಆಳುಕಾಳು, ದವಸಧಾನ್ಯ, ಆಯವ್ಯಯಗಳನ್ನು ನೋಡಿಕೊಂಡು ಕಡೆಗೆ ಲೆಕ್ಕವನ್ನೊಪ್ಪಿಸತಕ್ಕವನೇ ಈತನು. ಕನ್ನಡ ಬೈಬಲ್ಲಿನ ಭಾಷಾಂತರಗಳಲ್ಲಿ 'ಮನೆವಾರ್ತೆಯವನು' ಎಂದೂ 'ಪಾರುಪತ್ಯಗಾರನು' ಎಂದೂ ಇರುವುದು ಸಮರ್ಪಕವಾಗಿದೆ. ಇಲ್ಲಿ ವಾರ್ತೆಯೆಂದರೆ ಸುದ್ದಿಯಲ್ಲ. ಕೌಟಿಲ್ಯನು ನಾಲ್ಕು ವಿದ್ಯೆಗಳಲ್ಲಿ ಒಂದಾಗಿ ಎಣಿಸಿ, ಕೃಷಿ ಪಾಶುಪಾಲ್ಯ ವಾಣಿಜ್ಯಗಳೆಂದು ವಿವರಿಸಿದ ವಾರ್ತೆಯನ್ನು ನೆನೆಯಬೇಕು.

ಇದು ದಾನವೇಕಲ್ಲ? ತನ್ನ ಸ್ವತ್ವವನ್ನು ನಿವೃತ್ತಿಗೊಳಿಸಿ ಪರರ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ನಮ್ಮ ನಿಬಂಧಕಾರರ ಲಕ್ಷಣ. ಸ್ವತ್ವವೇ ಇಲ್ಲದವನಿಗೆ ದಾನದ ಅಧಿಕಾರವೆಲ್ಲಿ? ಪಾರುಪತ್ಯಗಾರನು ಕೊಡುವುದು ಒಡೆಯನ ಸೊತ್ತು. ನಾಲ್ಕನೆಯ ಶತಮಾನದ ಮಿಲಾನಿನ ಧರ್ಮಾಧ್ಯಕ್ಷ ಅಂಬ್ರೋಸನು, ಬಡವನಿಗೆ ಕೊಟ್ಟುದು ಉಡುಗೊರೆಯಲ್ಲ, ಅವನದನ್ನೇ ಅವನಿಗೆ ಹಿಂದಿರುಗಿಸಿದಂತೆ ಎಂಬರ್ಥದಲ್ಲಿ ಬೋಧಿಸಿದ್ದಾನೆ.

ಹಾಗಾದರೆ ಇದನ್ನು ನಿಕ್ಷೇಪವೆನ್ನೋಣವೇ? ನಿಕ್ಷೇಪವು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹದಿನೆಂಟು ವ್ಯವಹಾರಪದಗಳ ಪೈಕಿ ಎರಡನೆಯದು. ಇಟ್ಟುದನ್ನು ಇಟ್ಟಂತೆಯೇ ಹಿಂದಿರುಗಿಸುವುದು ಅದರ ಧರ್ಮ. ಸ್ವೇಚ್ಛೆಯಿಂದ ಉಪಯೋಗಿಸಿದವನು ದಂಡಾರ್ಹನು. ಆದರೆ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ಸಾಮ್ಯವನ್ನು ನೋಡಿರಿ. ಪ್ರವಾಸ ಹೊರಟ ಯಜಮಾನನು ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ಮೊದಲಿನ ಇಬ್ಬರು ವ್ಯಾಪಾರಾದಿಗಳಿಂದ ಅವನ್ನು ಇಮ್ಮಡಿಸಿದರು. ಮೂರನೆಯವನು ನೆಲದಲ್ಲಿ ಹೂತಿಟ್ಟು ಹಾಗೆಯೇ ತಂದೊಪ್ಪಿಸಿದನು. ನಮ್ಮ ಸ್ಮೃತಿಯ ಪ್ರಕಾರ ಈತನು ನಿರ್ದೋಷಿ. ಯಜಮಾನನ ದೃಷ್ಟಿಯಲ್ಲಿಯಾದರೋ ಈತನೊಬ್ಬನೇ ದೋಷಿ! ತೂಕದ ಹೆಸರಾದ 'ತಲಾಂತು' ಶಬ್ದವೇ ಇಂಗ್ಲಿಷಿನಲ್ಲಿ ಸಾಮರ್ಥ್ಯವಾಚಕವಾಗಲು ಈ ಕಥೆಯೇ ಕಾರಣ. ಆದುದರಿಂದ ಮನೆವಾರ್ತೆಯು ದಾನವೂ ಅಲ್ಲ, ನಿಕ್ಷೇಪವೂ ಅಲ್ಲ. ಒಡೆತನವಿಲ್ಲ, ಉದ್ಯಮವುಂಟು, ಕಡೆಗೆ ಲೆಕ್ಕವುಂಟು.

೨. ಸಂವತ್ಸರದ ಗಣಿತ

ಈ ಪಾರುಪತ್ಯಗಾರನಿಗೆ ಒಪ್ಪಿಸಲ್ಪಟ್ಟ ವಸ್ತುಗಳಲ್ಲಿ ಮೊದಲನೆಯದು ಕಾಲ. ಪಾಶ್ಚಾತ್ಯ ಸಭೆಗಳ ಸಂವತ್ಸರಕ್ಕೆ ಪುನರುತ್ಥಾನದ ಹಬ್ಬವೇ ಮೇಟಿ. ಎಲ್ಲ ಸಭೆಗಳೂ ಅದನ್ನು ಒಂದೇ ಭಾನುವಾರ ಆಚರಿಸತಕ್ಕದ್ದೆಂದು ಕ್ರಿ. ಶ. ೩೨೫ರ ನಿಕೇಯ ಪರಿಷತ್ತು ನಿರ್ಣಯಿಸಿತು. ವಿಷುವವೆಂದು ಗೃಹೀತವಾದ ಮಾರ್ಚಿ ೨೧ರಂದು ಅಥವಾ ಅನಂತರ ಬರುವ ಪೂರ್ಣಿಮೆಯಾದ ಮೇಲಿನ ಭಾನುವಾರವೇ ಆ ದಿನವೆಂಬ ಕ್ರಮವು ಮುಂದೆ ಸ್ಥಿರವಾಯಿತು. ೧೫೮೨ರ ಗ್ರೆಗೋರಿಯನ್ ಪರಿಷ್ಕಾರದ ಪ್ರಕಾರ ಅದು ಮಾರ್ಚಿ ೨೨ರಿಂದ ಏಪ್ರಿಲ್ ೨೫ರ ಒಳಗೆ ಬೀಳುತ್ತದೆ. ಪೂರ್ಣಿಮೆಯನ್ನು ಕಣ್ಣಿನಿಂದ ನೋಡಿ ನಿಶ್ಚಯಿಸುವುದಿಲ್ಲ. ೧೯ ಸೌರವರ್ಷಗಳಿಗೆ ೨೩೫ ಚಾಂದ್ರಮಾಸಗಳೆಂಬ ಚಕ್ರವೇ ಆ ಗಣನೆಗೆ ಆಧಾರ. ೧೯ ವರ್ಷಕ್ಕೆ ಸುಮಾರು ಏಳು ಅಧಿಕಮಾಸಗಳೆಂದು ಬಲ್ಲ ನಮ್ಮ ಪಂಚಾಂಗದವರಿಗೆ ಇದು ಅಪರಿಚಿತವಲ್ಲ.

೩. ಕಾಲವಿಭಾಗಗಳು

ವರ್ಷಾರಂಭವು ನವೆಂಬರ್ ೩೦ಕ್ಕೆ ಸಮೀಪದ ಭಾನುವಾರ; ಅದು ಆಗಮನಕಾಲ. ೧೯೬೯ರಲ್ಲಿ ರೋಮನ್ ಸಭೆಯು ಏರ್ಪಡಿಸಿದ ಮೂರು ವರ್ಷಗಳ ಪಾಠಚಕ್ರದಲ್ಲಿ ಎರಡನೆಯ ವರ್ಷವು ಮಾರ್ಕನ ಸುವಾರ್ತೆಯ ಒಂದು ಸಾಮ್ಯದಿಂದ ಆರಂಭವಾಗುತ್ತದೆ: ಯಜಮಾನನು ಮನೆ ಬಿಟ್ಟು ಹೊರಟಿದ್ದಾನೆ, ಒಬ್ಬೊಬ್ಬ ಆಳಿಗೂ ಅವನವನ ಕೆಲಸವನ್ನು ನೇಮಿಸಿದ್ದಾನೆ. ಹೊಸ ವರ್ಷದ ಮೊದಲ ಮಾತೇ ಮನೆವಾರ್ತೆಯದು.

ಅನಂತರ ಕ್ರಿಸ್ತಜನನ, ಜನವರಿ ೬ರ ಪ್ರಕಾಶನದ ಹಬ್ಬ. ಇವು ಪಡೆಯುವ ಕಾಲ.

ಬೂದಿ ಬುಧವಾರದಿಂದ ತಪಸ್ಸಿನ ಕಾಲ. ಪುನರುತ್ಥಾನಕ್ಕೆ ೪೬ ದಿನಗಳ ಹಿಂದೆ ಇದು ಮೊದಲಾದರೂ ಭಾನುವಾರಗಳನ್ನು ಕಳೆದು ವ್ರತದಿನಗಳು ೪೦ ಆಗುತ್ತವೆ. ಉಪವಾಸ, ಪ್ರಾರ್ಥನೆ, ಬಡವರಿಗೆ ಕೊಡುವುದು, ಈ ಮೂರೂ ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಉಪವಾಸದಿಂದ ಉಳಿದುದು ಹಸಿದವನ ಎಲೆಗೆ ಸೇರಬೇಕೆಂದು ಐದನೆಯ ಶತಮಾನದ ರೋಮಾಪುರಿಯ ಪೋಪ್ ಲಿಯೋ ಮಹಾಶಯನು ಬೋಧಿಸಿದನು. ಉಳಿದುದು ಪೆಟ್ಟಿಗೆಗೆ ಸೇರಿದರೆ ಅದು ವ್ರತವಲ್ಲ, ಜಿಪುಣತನ.

ಪುನರುತ್ಥಾನದಿಂದ ೪೦ನೆಯ ದಿನ ಸ್ವರ್ಗಾರೋಹಣ; ೫೦ನೆಯದು ಪಂಚಾಶತ್ತಮ ದಿನ. ಇದು ಮೂಲತಃ ಯೆಹೂದ್ಯರು ಗೋದಿಯ ಪ್ರಥಮಫಲವನ್ನು ಸಮರ್ಪಿಸುತ್ತಿದ್ದ ಸುಗ್ಗಿಯ ಹಬ್ಬವಾದುದರಿಂದ ನಮ್ಮ ವಿಷಯಕ್ಕೆ ಹತ್ತಿರವಾದುದು.

ಮಿಕ್ಕುದು ಹಸುರು ವಸ್ತ್ರದ ಸಾಮಾನ್ಯಕಾಲ. ತಪಸ್ಸಿನ ಕಾಲಕ್ಕೆ ಮುಂಚಿನ ವಾರಗಳೂ ಸೇರಿ ಇದು ಸುಮಾರು ೩೪ ವಾರ, ವರ್ಷದ ಬಹುಭಾಗ. ಬೀಜವು ಮಣ್ಣಿನಲ್ಲಿ ಸದ್ದಿಲ್ಲದೆ ಬೆಳೆಯುವ ಹಾಗೆ ನಿತ್ಯಕರ್ಮದ ನಿಷ್ಠೆಗೆ ಇದು ಕ್ಷೇತ್ರ. ನಮ್ಮ ಕರಾವಳಿಯ ಕ್ಯಾಥೊಲಿಕರ ತೆನೆಹಬ್ಬವು ಈ ಕಾಲದಲ್ಲಿಯೇ, ಸೆಪ್ಟೆಂಬರ್ ೮ರಂದು, ಮರಿಯಮ್ಮನವರ ಜನ್ಮದಿನದಲ್ಲಿ ಬರುತ್ತದೆ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ತಾವೇ ಬೆಳೆದುದನ್ನೂ ಅನುಜ್ಞೆ ಪಡೆದೇ ಉಣ್ಣುವ ಈ ಆಚಾರದಲ್ಲಿ ಒಡೆಯನು ಬೇರೆ ಎಂಬ ಭಾವವು ಸ್ಪಷ್ಟವಾಗಿದೆ.

ವರ್ಷದ ಕೊನೆಗೆ ಲೆಕ್ಕ. ಮೇಲಣ ಪಾಠಚಕ್ರದ ಮೊದಲನೆಯ ವರ್ಷದಲ್ಲಿ, ಕಡೆಯ ಭಾನುವಾರಕ್ಕೆ ಹಿಂದಿನ ವಾರ ಓದುವುದು ತಲಾಂತುಗಳ ಸಾಮ್ಯವನ್ನೇ. ಕಡೆಯ ಭಾನುವಾರ ಓದುವುದು, ಹಸಿದವರಿಗೆ ಅನ್ನವಿಟ್ಟೆಯಾ ಎಂದು ಅರಸನು ವಿಚಾರಿಸುವ ತೀರ್ಪಿನ ಭಾಗವನ್ನು.

೪. ಉಪಸಂಹಾರ

ಇಷ್ಟರಿಂದ ಫಲಿತವಾದುದೇನೆಂದರೆ: ಕ್ರೈಸ್ತ ಸಂವತ್ಸರವು ಹಬ್ಬಗಳ ಪಟ್ಟಿ ಮಾತ್ರವಲ್ಲ, ಕೆಲಸ ಒಪ್ಪಿಸಿಕೊಳ್ಳುವುದರಿಂದ ಲೆಕ್ಕವೊಪ್ಪಿಸುವವರೆಗಿನ ಪಾರುಪತ್ಯಗಾರನ ಕಡತ. ದಾನವೆಂದರೆ ದಾತೃವಿನಲ್ಲಿ ಅಹಂಕಾರಕ್ಕೆ ಎಡೆಯುಂಟು. ನಿಕ್ಷೇಪವೆಂದರೆ ಆಲಸ್ಯಕ್ಕೆ ಎಡೆಯುಂಟು. ಮನೆವಾರ್ತೆಯೆಂಬಲ್ಲಿ ಎರಡಕ್ಕೂ ಎಡೆಯಿಲ್ಲ. ಆ ಮಿತ್ರರಿಗೆ ನಾನು ಕೊಟ್ಟಿದ್ದ ಪದವನ್ನು ಹಿಂತೆಗೆದುಕೊಂಡಿದ್ದೇನೆ. ಅವರ ಭಾಷಾಂತರಕಾರರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದ ಕನ್ನಡದ ಮಾತನ್ನು, ಸಂಸ್ಕೃತಾಭಿಮಾನದಿಂದ ನಾನು ಗಮನಿಸದೆ ಹೋದೆನು. ಮನೆವಾರ್ತೆಯೆಂಬ ಪದವು ಬಳಕೆ ತಪ್ಪಿ ಹೋಗದಂತೆ ನೋಡಿಕೊಳ್ಳುವುದು ಕನ್ನಡಿಗರಾದ ನಮ್ಮೆಲ್ಲರ ಪಾರುಪತ್ಯಕ್ಕೆ ಸೇರಿದುದು.